ಹಾವೇರಿಯ ಸಂತೆಯಿಂದ ಉಕ್ರೇನಿನ ಬೋರ್ಶ್

ಬೀಟ್‌ರೂಟ್, ಎಲೆಕೋಸು, ಗಜ್ಜರಿ, ಆಲೂಗಡ್ಡೆ, ಸಬ್ಬಸಿಗೆ ಸೊಪ್ಪು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕರಲ್ಲಿ ಯಾವ ಊರಿನ ಸಂತೆಗೆ ಹೋದರೂ ಇವು ಒಂದೇ ಚೀಲದಲ್ಲಿ ಮನೆ ಸೇರುತ್ತವೆ. ಇದೇ ತರಕಾರಿಗಳಿಂದ ಸಾವಿರಾರು ಮೈಲಿ ದೂರದ ಉಕ್ರೇನಿನಲ್ಲಿ ಸಿದ್ಧವಾಗುವ ಕಡುಗೆಂಪು ಸಾರೇ ‘ಬೋರ್ಶ್’.

ಹಾವೇರಿ ಜಿಲ್ಲೆಗೆ ಉಕ್ರೇನಿನ ಹೆಸರು ಅಪರಿಚಿತವಲ್ಲ. ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ನವೀನ್ ಗ್ಯಾನಗೌಡರ್ 2022ರ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದರು. ಅವರು ಆಶ್ರಯತಾಣದಿಂದ ಹೊರಬಂದಿದ್ದು ಆಹಾರ ಸಾಮಗ್ರಿ ತರುವ ಸಲುವಾಗಿ. ಅದೇ ತಿಂಗಳ 21ರಂದು ತಾಯ್ನಾಡಿಗೆ ಬಂದ ಪಾರ್ಥಿವ ಶರೀರವನ್ನು ಕುಟುಂಬದವರು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಯುದ್ಧವು ಕಸಿದುಕೊಳ್ಳುವುದು ಪ್ರಾಣವನ್ನಷ್ಟೇ ಅಲ್ಲ, ಒಲೆ ಹೊತ್ತಿಸಿ ಒಟ್ಟಿಗೆ ಕೂತು ಉಣ್ಣುವ ಬದುಕನ್ನೂ ಹೌದು. ಈ ಕಾರಣದಿಂದಲೇ ಯುನೆಸ್ಕೊ 2022ರ ಜುಲೈ 1ರಂದು ಉಕ್ರೇನಿನ ಬೋರ್ಶ್ ಅಡುಗೆಯ ಸಂಸ್ಕೃತಿಯನ್ನು ತುರ್ತು ರಕ್ಷಣೆ ಅಗತ್ಯವಿರುವ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ರಷ್ಯಾ, ಪೋಲೆಂಡ್ ಮುಂತಾದ ನೆರೆನಾಡುಗಳಲ್ಲಿಯೂ ಈ ಸಾರು ನಿತ್ಯದ ಊಟವಾಗಿದೆ.

ಮಾಂಸವಿಲ್ಲದೆಯೂ ಬೋರ್ಶ್

ಸಾಮಾನ್ಯವಾಗಿ ಮಾಂಸ ಬೇಯಿಸಿದ ನೀರಿನಲ್ಲಿ ಬೋರ್ಶ್ ತಯಾರಾಗುತ್ತದೆ. ಆದರೆ ಆರ್ಥೊಡಾಕ್ಸ್ ಕ್ರೈಸ್ತರು ಉಪವಾಸದ ದಿನಗಳಲ್ಲಿ ಮಾಂಸ, ಹಾಲುಗಳನ್ನು ವರ್ಜಿಸಿ, ಕಾಳು ಅಥವಾ ಅಣಬೆ ಹಾಕಿ ಇದನ್ನು ಮಾಡುತ್ತಾರೆ. ನಮ್ಮ ಸಸ್ಯಾಹಾರಿ ಮನೆಗಳಿಗೆ ಈ ಕ್ರಮವೇ ಸೂಕ್ತ.

ನಾಲ್ವರಿಗೆ ಬೇಕಾಗುವ ಸಾಮಗ್ರಿ: ಬೀಟ್‌ರೂಟ್ 300 ಗ್ರಾಂ, ಎಲೆಕೋಸು 200 ಗ್ರಾಂ, ಆಲೂಗಡ್ಡೆ 2, ಗಜ್ಜರಿ 1, ಉಳ್ಳಾಗಡ್ಡಿ 1, ಟೊಮೆಟೊ 2, ಅಲಸಂದೆ ಕಾಳು ಅರ್ಧ ಬಟ್ಟಲು, ಬೆಳ್ಳುಳ್ಳಿ 4 ಎಸಳು, ಕಾಳುಮೆಣಸು 8, ಪಲಾವ್ ಎಲೆ 1, ನಿಂಬೆಹಣ್ಣು 1, ಸಕ್ಕರೆ 1 ಚಮಚ, ಎಣ್ಣೆ 2 ದೊಡ್ಡ ಚಮಚ, ಒಂದು ಹಿಡಿ ಸಬ್ಬಸಿಗೆ ಸೊಪ್ಪು, ರುಚಿಗೆ ಉಪ್ಪು, ನೀರು ಒಂದೂವರೆ ಲೀಟರ್.

ಮಾಡುವ ವಿಧಾನ

ಅಲಸಂದೆಯನ್ನು ಆರು ಗಂಟೆ ನೆನೆಸಿ, ಕುಕ್ಕರಿನಲ್ಲಿ ಬೇಯಿಸಿಟ್ಟುಕೊಳ್ಳಬೇಕು. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಆಲೂಗಡ್ಡೆಯ ಹೋಳು, ಪಲಾವ್ ಎಲೆ, ಕಾಳುಮೆಣಸು ಹಾಕಿ ಹತ್ತು ನಿಮಿಷ ಬೇಯಿಸಬೇಕು. ಅಷ್ಟರಲ್ಲಿ ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಹೆಚ್ಚಿದ ಉಳ್ಳಾಗಡ್ಡಿ, ತುರಿದ ಗಜ್ಜರಿಯನ್ನು ಬಾಡಿಸಿ, ತುರಿದ ಬೀಟ್‌ರೂಟ್, ಸಕ್ಕರೆ ಹಾಗೂ ಅರ್ಧ ನಿಂಬೆಹಣ್ಣಿನ ರಸ ಸೇರಿಸಿ ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಡಬೇಕು. ನಂತರ ಹೆಚ್ಚಿದ ಟೊಮೆಟೊ ಹಾಕಿ ಐದು ನಿಮಿಷ ಬಾಡಿಸಬೇಕು.

ಆಲೂಗಡ್ಡೆ ಬೆಂದ ಮೇಲೆ ಸಣ್ಣಗೆ ಹೆಚ್ಚಿದ ಕೋಸನ್ನು ಹಾಕಿ ಐದು ನಿಮಿಷ ಬೇಯಿಸಿ, ಬಾಣಲೆಯ ಮಿಶ್ರಣ, ಕಾಳು, ಉಪ್ಪು ಸೇರಿಸಬೇಕು. ಇನ್ನೈದು ನಿಮಿಷ ಸಣ್ಣ ಉರಿ ಸಾಕು. ಜಜ್ಜಿದ ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ಹಾಕಿ, ಉಳಿದ ನಿಂಬೆರಸವನ್ನು ರುಚಿ ನೋಡಿ ಹಿಂಡಿ, ಮುಚ್ಚಿ ಅರ್ಧ ಗಂಟೆ ಇಡಬೇಕು. ಮರುದಿನ ರುಚಿ ಇನ್ನೂ ಹೆಚ್ಚುತ್ತದೆ.

ಕ್ರಮ ತಪ್ಪಬಾರದೇಕೆ?

ಬೀಟ್‌ರೂಟಿನ ಕೆಂಪಿಗೆ ಕಾರಣ ಬೆಟಾನಿನ್ ಎಂಬ ವರ್ಣದ್ರವ್ಯ. ಹೆಚ್ಚು ಹೊತ್ತು ಕುದಿಸಿದರೆ ಅದು ಕಂದಾಗುತ್ತದೆ. ಹುಳಿ ಇದ್ದರೆ ಕೆಂಪು ಉಳಿಯುತ್ತದೆ. ಕೊಳವೆಬಾವಿಯ ಕ್ಷಾರಯುಕ್ತ ಗಡಸು ನೀರು ಬಳಸುವ ಮನೆಗಳಲ್ಲಿ ಈ ಹುಳಿಯ ಅಗತ್ಯ ಇನ್ನೂ ಹೆಚ್ಚು. ಆದರೆ ಅದೇ ಹುಳಿ ಆಲೂಗಡ್ಡೆಯನ್ನು ಬೇಗ ಮೆತ್ತಗಾಗಲು ಬಿಡುವುದಿಲ್ಲ. ಆದ್ದರಿಂದಲೇ ಆಲೂಗಡ್ಡೆ ಮೊದಲು, ಹುಳಿ ಬೆರೆತ ಬೀಟ್‌ರೂಟ್ ಕೊನೆಗೆ. ಬಣ್ಣಕ್ಕೆಂದು ಬ್ಯಾಡಗಿ ಮೆಣಸಿನಕಾಯಿ ಹಾಕುವ ಅಗತ್ಯವಿಲ್ಲ.

ಉಕ್ರೇನಿನವರು ಇದರ ಮೇಲೆ ‘ಸ್ಮೆತಾನಾ’ ಎಂಬ ಹುಳಿಗೆನೆ ಹಾಕಿಕೊಳ್ಳುತ್ತಾರೆ. ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಗಟ್ಟಿ ಮೊಸರು ಅದರ ಸ್ಥಾನ ತುಂಬಬಲ್ಲದು. ಅಲ್ಲಿ ಇದರೊಂದಿಗೆ ರೈ ಧಾನ್ಯದ ಕಪ್ಪು ಬ್ರೆಡ್ ಇದ್ದರೆ, ಇಲ್ಲಿ ಜೋಳದ ರೊಟ್ಟಿ ಇದೆ. ಭತ್ತ ಬೆಳೆಯುವ ಹಾನಗಲ್ಲಿನಲ್ಲಿ ಬಿಸಿ ಅನ್ನದ ಜೊತೆಗೂ ಸವಿಯಬಹುದು. ಬೀಟ್‌ರೂಟ್ ತಿಂದ ಮರುದಿನ ಕೆಲವರಲ್ಲಿ ಮೂತ್ರ ಕೆಂಪಾಗುವುದುಂಟು, ಅದಕ್ಕೆ ಗಾಬರಿಪಡಬೇಕಿಲ್ಲ. ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇರುವವರು ಮಾತ್ರ ವೈದ್ಯರ ಸಲಹೆ ಪಡೆಯುವುದು ಒಳಿತು.

ಬೋರ್ಶ್ ಒಬ್ಬರಿಗಾಗಿ ಮಾಡುವ ಅಡುಗೆಯಲ್ಲ. ದೊಡ್ಡ ಪಾತ್ರೆಯಲ್ಲಿ ಮಾಡಿ, ಮನೆಯವರೆಲ್ಲ ಕೂಡಿ ಉಣ್ಣುವುದೇ ಅದರ ರೂಢಿ. ಅನ್ನ ಅರಸಿ ಹೊರಟ ಮಗನನ್ನು ಕಳೆದುಕೊಂಡ ಜಿಲ್ಲೆಗೆ ಆ ಪಂಕ್ತಿಯ ಬೆಲೆಯನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.