ಒದ್ದರೆ ಸ್ಟಾರ್ಟು, ಮಡಚಿದರೆ ಗೇರು

ಈಗಿನ ಬೈಕುಗಳಲ್ಲಿ ಬಟನ್ ಒತ್ತಿದ್ರೆ ಮುಗೀತು. ಯೆಜ್ಡಿ ಹಾಗಲ್ಲ. ಕಿಕ್ಕರ್ರೂ ಗೇರ್ ಲಿವರ್ರೂ ಒಂದೇ, ಅದೂ ಎಡಗಡೆ! ಗೊತ್ತಿಲ್ಲದವರ ಕೈಗೆ ಗಾಡಿ ಕೊಟ್ಟು ಮಜಾ ನೋಡ್ತಿದ್ವಿ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ನಾವಿನ್ನೂ ಆಗ ಕೂಸುಗಳು. ಆದ್ರೂ ಇಂಜಿನಿಯರಿಂಗ್ ಓದುವಾಗ ನಮ್ಮ ಗ್ಯಾಂಗಿಗೆ ನಿಜವಾದ ಲ್ಯಾಬ್ ಅಂದ್ರೆ ಮಾವನ ರೋಡ್‌ಕಿಂಗ್. 250 ಸಿಸಿ, ಟೂ ಸ್ಟ್ರೋಕ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಪೆಟ್ರೋಲಿಗೆ ಆಯಿಲ್ ನಾವೇ ಬೆರೆಸಬೇಕು. ಜಾಸ್ತಿಯಾದ್ರೆ ಪ್ಲಗ್ ಕಪ್ಪಾಗಿ ಗಾಡಿ ನಿಲ್ಲುತ್ತೆ. ಕಮ್ಮಿಯಾದ್ರೆ ಪಿಸ್ಟನ್ನೇ ಕಚ್ಚಿಕೊಳ್ಳುತ್ತೆ. ಪಾಯಿಂಟ್ ಉಜ್ಜಿ, ಕಾರ್ಬುರೇಟರ್ ಬಿಚ್ಚಿ, ಸದ್ದು ಕೇಳಿಯೇ ರೋಗ ಹೇಳೋದು ಕಲಿತಿದ್ದು ಅಲ್ಲೇ.

ಬೆಳಗಿನ ಜಾವ ಖಾಲಿ ಲೇಔಟಿನಲ್ಲಿ ಗೆಳೆಯನ ಆರ್‌ಎಕ್ಸ್ 100 ಜತೆ ರೇಸು. ಅದು ಬರೀ 98 ಸಿಸಿ, ಆದ್ರೆ ಹಗುರ, ಹೊರಡುವಾಗ ಬಾಣ. ನಮ್ಮದು ನಿಧಾನಕ್ಕೆ ಹತ್ತಿರವಾಗೋದು. ಗೆದ್ದದ್ದು ಎಷ್ಟು ಸಲ ಅಂತ ಮಾತ್ರ ಕೇಳಬೇಡಿ.

ಮಾವನ ಮಂಡಿ ಈಗ ಕಿಕ್ಕಿಗೆ ಬಗ್ಗಲ್ಲ. ಮೊನ್ನೆ ಫೋನ್ ಮಾಡಿ, "ಒಳ್ಳೆ ರೇಟು ಕೇಳ್ತಿದಾರೆ, ಕೊಟ್ಬಿಡ್ಲಾ? ಇಲ್ಲಾ ನೀನೇ ತಗೊಂಡ್ಹೋಗ್ತೀಯಾ?" ಅಂದ್ರು. ನಮ್ಮ ಅಪಾರ್ಟ್‌ಮೆಂಟಲ್ಲಿ ಇರೋದು ಒಂದೇ ಪಾರ್ಕಿಂಗು, ಅಲ್ಲಿ ಕಾರು ನಿಂತಿದೆ. ಭಾನುವಾರದ ತನಕ ಟೈಮ್ ಕೇಳಿದ್ದೀನಿ.