ಮೂರು ಪದಗಳ ವಿಳಾಸ

ನಮ್ಮ ಹಿರಿಯರು ಕಾಗದದ ಮೇಲೆ ವಿಳಾಸ ಬರೆಯುತ್ತಿದ್ದ ಬಗೆ ಹಲವರಿಗೆ ನೆನಪಿರಬಹುದು. 'ಮಾರುತಿ ಗುಡಿಯ ಹಿಂಭಾಗ, ಹುಣಸೆಮರದ ಎದುರು ಮನೆ' ಎಂದು ಬರೆದು, ಕೆಳಗೆ ಊರನ್ನೂ ತಾಲ್ಲೂಕನ್ನೂ ಕಾಣಿಸಿದರೆ ಸಾಕು, ಕಾಗದ ತಲಪುತ್ತಿತ್ತು. ಹುಣಸೆಮರ ಗಾಳಿಗೆ ಬಿದ್ದು ವರ್ಷಗಳೇ ಆಗಿದ್ದರೂ ತಲಪುತ್ತಿತ್ತು. ಏಕೆಂದರೆ ಮರವಿದ್ದ ಜಾಗ ಅಂಚೆಯವನ ನೆನಪಿನಲ್ಲಿ ಭದ್ರವಾಗಿತ್ತು. ವಿಳಾಸದ ಅರ್ಧ ಭಾಗ ಲಕೋಟೆಯ ಮೇಲಿದ್ದರೆ ಉಳಿದರ್ಧ ಅದನ್ನು ಓದುವವನ ತಲೆಯಲ್ಲಿರುತ್ತದೆ. ಓದುವವನು ಊರಿಗೆ ಹೊಸಬನಾದರೆ ಆ ಎರಡನೆಯ ಅರ್ಧ ಇಲ್ಲವಾಗುತ್ತದೆ.

ಇದು ನನಗೆ ಮನವರಿಕೆಯಾದದ್ದು ಕೆಲವು ವರ್ಷಗಳ ಹಿಂದೆ, ಒಂದು ರಾತ್ರಿ. ನೆರೆಮನೆಯ ಹಿರಿಯರಿಗೆ ಎದೆನೋವು ಕಾಣಿಸಿಕೊಂಡಿತು. ಆಂಬುಲೆನ್ಸಿಗೆ ಫೋನ್ ಮಾಡಿದೆವು. ನಮ್ಮ ಬಡಾವಣೆಯಲ್ಲಿ 5ನೆಯ ಅಡ್ಡರಸ್ತೆಗಳು ಎರಡಿವೆ: ಒಂದು ಮೊದಲಿನದು, ಇನ್ನೊಂದು ಬಡಾವಣೆ ಬೆಳೆದಾಗ ಹುಟ್ಟಿಕೊಂಡದ್ದು. ಚಾಲಕನಿಗೆ ಸಿಕ್ಕಿದ್ದು ಆ ಇನ್ನೊಂದು. ನಾನು ಟಾರ್ಚ್ ಹಿಡಿದು ಮುಖ್ಯರಸ್ತೆಯ ಅಂಚಿನವರೆಗೆ ಓಡಿದೆ. ಸೈರನ್ನಿನ ಸದ್ದು ಕೇಳುತ್ತಿದೆ, ಗಾಡಿ ಮಾತ್ರ ಕಾಣುತ್ತಿಲ್ಲ. ಇಪ್ಪತ್ತು ನಿಮಿಷ ಹೀಗೆಯೇ ಕಳೆಯಿತು. ಹಿರಿಯರು ಉಳಿದುಕೊಂಡರು. ಆದರೆ ನಾವು ಫೋನಿನಲ್ಲಿ ಒದರಿದ ವಿಳಾಸದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ಭೂಮಿಯ ಮೇಲಿನ ಯಾವ ಜಾಗವನ್ನಾದರೂ ಸಂದೇಹವಿಲ್ಲದಂತೆ ಹೇಳುವ ಉಪಾಯ ಬಹಳ ಹಳೆಯದೇ: ಅಕ್ಷಾಂಶ ಮತ್ತು ರೇಖಾಂಶ. ದಶಮಾಂಶದ ಮುಂದೆ ಐದು ಅಂಕಿಗಳವರೆಗೆ ಹೇಳಿದರೆ ಸುಮಾರು ಒಂದು ಮೀಟರಿನಷ್ಟು ನಿಖರತೆ ಬರುತ್ತದೆ. ಆದರೆ ಹಾಗೆ ಹೇಳಲು ಬೆಂಗಳೂರಿನವರಿಗೂ ಹದಿನಾಲ್ಕು ಅಂಕಿಗಳು ಬೇಕು. ಹದಿನಾಲ್ಕು ಅಂಕಿಗಳನ್ನು ನಡುರಾತ್ರಿ, ನಡುಗುವ ದನಿಯಲ್ಲಿ, ಫೋನಿನಲ್ಲಿ ಒಪ್ಪಿಸಿ ನೋಡಿ! ಒಂದಂಕಿ ಹಿಂದುಮುಂದಾದರೆ ಊರೇ ಬದಲಾದೀತು.

ಈ ತೊಂದರೆಯನ್ನು ಸಂಗೀತದ ದಾರಿಯಿಂದ ಬಂದು ಎದುರಿಸಿದವರು ಕ್ರಿಸ್ ಶೆಲ್ಡ್ರಿಕ್ ಎಂಬ ಆಂಗ್ಲರು. ಅವರದು ಬೇರೆ ಬೇರೆ ಊರುಗಳಲ್ಲಿ ಸಂಗೀತದ ಕಾರ್ಯಕ್ರಮಗಳನ್ನು ಏರ್ಪಡಿಸುವ ಉದ್ಯೋಗ. ವಾದ್ಯಗಳು ಒಂದೆಡೆ, ವಾದಕರು ಇನ್ನೊಂದೆಡೆ ಆಗುವುದು ಅಲ್ಲಿ ನಿತ್ಯದ ಗೋಳು. ಒಮ್ಮೆ ರೋಮ್ ನಗರದ ದಕ್ಷಿಣಕ್ಕೆ ಒಂದು ಗಂಟೆಯ ದಾರಿಯಲ್ಲಿ ಇಳಿಯಬೇಕಾದ ಸಾಮಾನು ಉತ್ತರಕ್ಕೆ ಒಂದು ಗಂಟೆಯ ದಾರಿಯಲ್ಲಿ ಇಳಿಯಿತಂತೆ. ಇನ್ನೊಮ್ಮೆ ಅವರ ವಾದಕರು ಯಾರದೋ ಬೇರೆ ಮದುವೆಯ ಮನೆಗೆ ಹೋಗಿ ಧ್ವನಿಯ ಪರೀಕ್ಷೆಯನ್ನೂ ಮುಗಿಸಿಬಿಟ್ಟಿದ್ದರಂತೆ. ಅಕ್ಷಾಂಶ-ರೇಖಾಂಶಗಳನ್ನು ಹಂಚಿ ನೋಡಿದರು, ಅದೂ ಫಲಿಸಲಿಲ್ಲ. ಕೊನೆಗೆ ಮೋಹನ್ ಗಣೇಶಲಿಂಗಂ ಎಂಬ ಗಣಿತಜ್ಞ ಮಿತ್ರರೂ ಸೇರಿ, ಅಂಕಿಗಳ ಬದಲು ಪದಗಳನ್ನು ಬಳಸಿದರೆ ಹೇಗೆ ಎಂದು ಯೋಚಿಸಿದರು. 2013ರಲ್ಲಿ 'ವಾಟ್ ಥ್ರೀ ವರ್ಡ್ಸ್' ಎಂಬ ಸಂಸ್ಥೆ ಹುಟ್ಟಿತು.

ಲೆಕ್ಕ ಸರಳವಾಗಿದೆ. ಭೂಮಿಯ ಮೇಲ್ಮೈ, ಕಡಲೂ ಸೇರಿ, ಸುಮಾರು 51 ಕೋಟಿ ಚದರ ಕಿಲೋಮೀಟರು. ಇದನ್ನು ಉದ್ದಗಲ ಮೂರು ಮೂರು ಮೀಟರಿನ ಚೌಕಗಳಾಗಿ ಕತ್ತರಿಸಿದರೆ ಸುಮಾರು 57 ಲಕ್ಷ ಕೋಟಿ ಚೌಕಗಳಾಗುತ್ತವೆ. ಹತ್ತು ಅಂಕಿಗಳನ್ನು ಮೂರು ಸ್ಥಾನಗಳಲ್ಲಿ ಇರಿಸಿ ಸಾವಿರ ಸಂಖ್ಯೆಗಳನ್ನು ಬರೆಯುತ್ತೇವಲ್ಲವೆ? ಅಂಕಿಗಳ ಜಾಗದಲ್ಲಿ 40,000 ಪದಗಳನ್ನು ಇಟ್ಟುಕೊಂಡರೆ ಮೂರು ಸ್ಥಾನಗಳಲ್ಲಿ 64 ಲಕ್ಷ ಕೋಟಿ ಜೋಡಣೆಗಳು ದೊರೆಯುತ್ತವೆ. ಜಗತ್ತಿಗೆ ಹಂಚಿ ಇನ್ನೂ ಮಿಗುತ್ತದೆ! ಪ್ರತಿ ಚೌಕಕ್ಕೂ ಒಂದು ಸಂಖ್ಯೆ. ಆ ಸಂಖ್ಯೆಯನ್ನು ಗಣಿತಸೂತ್ರವೊಂದರಿಂದ ಕಲಕಿ ಬೇರೊಂದು ಸಂಖ್ಯೆ. ಅದನ್ನು ಮೂರು ಪದಗಳಾಗಿ ಬರೆಯುವುದು. ಎಲ್ಲವೂ ಸೂತ್ರದಿಂದಲೇ ನಡೆಯುವುದರಿಂದ ದೊಡ್ಡ ಪಟ್ಟಿಯನ್ನೇನೂ ಕೂಡಿಡಬೇಕಾಗಿಲ್ಲ. ಅಂತರಜಾಲದ ಸಂಪರ್ಕವಿಲ್ಲದೆಯೂ ಕೈಯ ಫೋನು ಈ ಪದಗಳನ್ನು ಹೇಳಬಲ್ಲುದು. ಲಂಡನ್ನಿನ ಒಂದು ಚೌಕದ ಹೆಸರು 'ಫಿಲ್ಡ್, ಕೌಂಟ್, ಸೋಪ್'. ತುಂಬಿದ, ಎಣಿಕೆ, ಸಾಬೂನು: ಇವುಗಳಲ್ಲಿ ಅರ್ಥಸಂಬಂಧವನ್ನು ಹುಡುಕಬೇಡಿ. ಇಲ್ಲವೆಂಬುದೇ ಅದರ ಗುಣ.

ಪದದಲ್ಲಿ ಸಂಖ್ಯೆಯನ್ನು ಅಡಗಿಸುವುದು ನಮಗೇನೂ ಹೊಸದಲ್ಲ ಎಂಬುದನ್ನು ಇಲ್ಲಿ ಹೇಳದೆ ಮುಂದುವರಿಯಲಾರೆ. ನಮ್ಮ ಸಂಗೀತದ ಎಪ್ಪತ್ತೆರಡು ಮೇಳಕರ್ತ ರಾಗಗಳ ಹೆಸರುಗಳನ್ನೇ ನೋಡಿ. ಕಟಪಯಾದಿ ಕ್ರಮದಲ್ಲಿ ಧಕಾರಕ್ಕೆ ಒಂಬತ್ತು, ರಕಾರಕ್ಕೆ ಎರಡು. 'ಧೀರ'ವನ್ನು ಬಲದಿಂದ ಎಡಕ್ಕೆ ಓದಿದರೆ 29. ಧೀರಶಂಕರಾಭರಣ ಇಪ್ಪತ್ತೊಂಬತ್ತನೆಯ ಮೇಳ. ಹಾಗೆಯೇ ಮೇಚಕಲ್ಯಾಣಿ 65. ಸಂಖ್ಯೆ ಮರೆತರೂ ಹೆಸರು ಮರೆಯುವುದಿಲ್ಲ. ಇನ್ನು ವ್ಯಾಪಾರದ ಲೋಕದಲ್ಲಿ 'ತಂತಿ ವಿಳಾಸ'ವೆಂಬುದಿತ್ತು. ಅಂಗಡಿಯವರು ಶುಲ್ಕ ಕೊಟ್ಟು ಒಂದೇ ಒಂದು ಪದವನ್ನು ತಂತಿ ಇಲಾಖೆಯಲ್ಲಿ ನೋಂದಾಯಿಸುತ್ತಿದ್ದರು. ಪದಕ್ಕಿಷ್ಟೆಂದು ಹಣ ತೆರಬೇಕಾದ ಕಾಲದಲ್ಲಿ ಆ ಒಂದು ಪದವೇ ಪೂರ್ತಿ ವಿಳಾಸ. ನಮ್ಮ ದೇಶದಲ್ಲಿ ತಂತಿ ಸೇವೆ ಕೊನೆಗೊಂಡದ್ದು 2013ರ ಜುಲೈ ತಿಂಗಳಲ್ಲಿ. ಪದಗಳ ವಿಳಾಸ ಲಂಡನ್ನಿನಲ್ಲಿ ಮರುಹುಟ್ಟು ಪಡೆದದ್ದೂ ಅದೇ ವರ್ಷ. ಕಾಕತಾಳೀಯವೆನ್ನಿ.

ಇದರಿಂದ ಪ್ರಯೋಜನವಾಗಿಲ್ಲವೆ ಎಂದರೆ, ಆಗಿದೆ. ಮಂಗೋಲಿಯಾದ ಅಂಚೆ ಸಂಸ್ಥೆ 2016ರಲ್ಲಿ ಇದನ್ನು ಸ್ವೀಕರಿಸಿತು. ಗುಡಾರ ಕಿತ್ತು ಗುಡಾರ ಹೂಡುವ ಅಲೆಮಾರಿಗಳ ನಾಡಿನಲ್ಲಿ ಬೀದಿಗಳ ಹೆಸರಿಗೆ ಅರ್ಥವೆಲ್ಲಿ? 2019ರಲ್ಲಿ ಇಂಗ್ಲೆಂಡಿನ ಡರ್ಹ್ಯಾಮ್ ಪ್ರಾಂತದ ಹ್ಯಾಮ್ಸ್ಟರ್ಲಿ ಕಾಡಿನಲ್ಲಿ ಕೆಲವು ಮಿತ್ರರು ಕತ್ತಲಲ್ಲಿ, ಮಳೆಯಲ್ಲಿ ದಾರಿ ತಪ್ಪಿದರು. ತುರ್ತು ಸಹಾಯಕ್ಕೆ ಕರೆ ಮಾಡಿದಾಗ ಆ ಕಡೆಯವರು ಈ ಸಾಧನವನ್ನು ಫೋನಿಗೆ ಇಳಿಸಿಕೊಳ್ಳಲು ಹೇಳಿದರು. 'ಕಿಕ್ಡ್, ಕನ್‌ವರ್ಜ್ಡ್, ಸಾಕರ್' ಎಂಬ ಮೂರು ಮಾತು ತಿಳಿದದ್ದೇ ತಡ, ಅವರು ಎಲ್ಲಿದ್ದಾರೆಂಬುದು ಗೊತ್ತಾಯಿತು, ರಕ್ಷಣಾ ತಂಡ ಹೊರಟಿತು. ಕಾಡಿಗೆ ಮನೆಯ ಸಂಖ್ಯೆ ಇರುವುದಿಲ್ಲವಷ್ಟೆ.

ಆದರೆ ಇದನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಒಂದು ಪದ ತಪ್ಪಾದರೆ ವಿಳಾಸ ಬೇರೊಂದು ಖಂಡಕ್ಕೆ ಜಿಗಿಯಬೇಕು, ಆಗ ತಪ್ಪು ತಟ್ಟನೆ ಗೊತ್ತಾಗುತ್ತದೆ ಎಂಬುದು ಯೋಜಕರ ಎಣಿಕೆಯಾಗಿತ್ತು. 2021ರಲ್ಲಿ ಆಂಡ್ರ್ಯೂ ಟಿಯರ್ನಿ ಎಂಬ ಗಣಕ ಸುರಕ್ಷತಾ ತಜ್ಞರು, ಕೇಳಲು ಒಂದೇ ಎನಿಸುವ ಹೆಸರುಗಳು ಹತ್ತಿರ ಹತ್ತಿರದ ಚೌಕಗಳಿಗೇ ಬಿದ್ದಿರುವ ಉದಾಹರಣೆಗಳನ್ನು ತೋರಿಸಿದರು. ಇಂಗ್ಲಿಷಿನಲ್ಲಿ ಬಹುವಚನಕ್ಕೆ ಕೊನೆಗೊಂದು ಸಕಾರ ಸೇರಿದರೆ ಆಯಿತು. ಗಾಳಿಯ ಸದ್ದಿನಲ್ಲಿ ಆ ಸಕಾರ ಕೇಳಿಸದಿದ್ದರೆ ವಿಳಾಸ ಬೇರೆ. ಅದೇ ವರ್ಷ ಇಂಗ್ಲೆಂಡ್ ಮತ್ತು ವೇಲ್ಸಿನ ಪರ್ವತ ರಕ್ಷಣಾ ತಂಡಗಳು ತಮಗೆ ಬಂದ ತಪ್ಪು ವಿಳಾಸಗಳ ಪಟ್ಟಿಯನ್ನೇ ಮುಂದಿಟ್ಟವು. 2023ರಲ್ಲಿ ಎಕ್ಸೆಟರ್ ವಿಶ್ವವಿದ್ಯಾಲಯದ ರೂಡಿ ಆರ್ಥರ್ ಈ ಗೊಂದಲದ ಗಣಿತವನ್ನು ಬಿಡಿಸಿ ಪ್ರಬಂಧವೊಂದನ್ನು ಪ್ರಕಟಿಸಿದರು.

ಈ ಪದ್ಧತಿ ಕನ್ನಡದಲ್ಲಿಯೂ ದೊರೆಯುತ್ತದೆ. ಅಲ್ಲಿರುವುದು ಇಂಗ್ಲಿಷ್ ಪದಗಳ ಅನುವಾದವಲ್ಲ, ಬೇರೆಯೇ ಪದಗಳು. ಅಭಿಮಾನದ ಮಾತು ನಿಜ. ಆದರೂ ನನಗೊಂದು ಅಳುಕು. ನಮ್ಮಲ್ಲಿ ಬಹುವಚನ 'ಗಳು' ಎಂದು ಎದ್ದು ಕೇಳಿಸುತ್ತದೆ, ಆ ಮಟ್ಟಿಗೆ ನಾವು ಗೆದ್ದೆವು. ಆದರೆ ಹ್ರಸ್ವ-ದೀರ್ಘಗಳ ಗತಿಯೇನು? ಬಳೆ-ಬಾಳೆ, ಮರ-ಮಾರ? ಕಾಲು-ಕಾಳು ಎಂಬಲ್ಲಿ ನಾಲಿಗೆ ಕೊಂಚ ಮಡಿಸಿದರೆ ಅರ್ಥವೇ ಬೇರೆ. ಹಕಾರ ನುಂಗುವ ಬಾಯಲ್ಲಿ ಹಾಲು ಆಲಾಗುತ್ತದೆ, ಹಕಾರ ಸೇರಿಸುವ ಬಾಯಲ್ಲಿ ಆನೆ ಹಾನೆಯಾಗುತ್ತದೆ. ಧಾರವಾಡದವರು ಹೇಳಿದ್ದನ್ನು ಮಂಗಳೂರಿನವರು ಬರೆದುಕೊಳ್ಳುವಾಗ ಏನಾದೀತೋ! ಪಟ್ಟಿಗೆ ಪದಗಳನ್ನು ಆರಿಸುವವನು ಪಂಡಿತನಾಗಿದ್ದರೆ ಸಾಲದು. ಸಂತೆಯಲ್ಲಿ ನಿಂತು ಕಿವಿಗೊಟ್ಟವನಾಗಿರಬೇಕು.

ಇದಕ್ಕಿಂತ ಮುಖ್ಯವಾದ ಆಕ್ಷೇಪ ಇನ್ನೊಂದು. ಆ ಸೂತ್ರ ಒಂದು ಖಾಸಗಿ ಸಂಸ್ಥೆಯ ಸೊತ್ತು. ಜನಸಾಮಾನ್ಯರಿಗೆ ಬಿಟ್ಟಿಯಾಗಿ ಕೊಟ್ಟಿದ್ದಾರೆ, ಸರಿ. ಆದರೆ ಆ ಸಂಸ್ಥೆಯನ್ನು ಕೇಳದೆ ಮೂರು ಪದಗಳಿಂದ ಜಾಗವನ್ನು ಕಂಡುಹಿಡಿಯುವಂತಿಲ್ಲ. ಅಲ್ಲದೆ ಪಕ್ಕದ ಚೌಕಕ್ಕೂ ನನ್ನ ಚೌಕಕ್ಕೂ ಹೆಸರಿನಲ್ಲಿ ನಂಟಿಲ್ಲ. 8ನೆಯ ಮನೆ ಕಂಡರೆ 9ನೆಯದು ಹತ್ತಿರದಲ್ಲಿದೆಯೆಂದು ಯಾರಾದರೂ ಊಹಿಸಬಹುದು; 'ಸಾಬೂನು' ಕಂಡರೆ ಮುಂದೇನೆಂದು ಊಹಿಸುವುದು?

ಗೂಗಲ್ ಸಂಸ್ಥೆಯವರು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟ 'ಪ್ಲಸ್ ಕೋಡ್'ಗಳಲ್ಲಿ ಈ ದೋಷಗಳಿಲ್ಲ. ಅಲ್ಲಿ ಬಳಸುವ ಇಪ್ಪತ್ತು ಚಿಹ್ನೆಗಳಲ್ಲಿ ಇಂಗ್ಲಿಷಿನ ಸ್ವರಾಕ್ಷರಗಳನ್ನು ಬೇಕೆಂದೇ ಬಿಟ್ಟಿದ್ದಾರೆ. ಅಪ್ಪಿತಪ್ಪಿ ಯಾರದೋ ಮನೆಗೆ ಬೈಗುಳದ ಹೆಸರು ಬೀಳಬಾರದಲ್ಲ! ನಮ್ಮ ಅಂಚೆ ಇಲಾಖೆ 2025ರಲ್ಲಿ ಹೊರತಂದ 'ಡಿಜಿಪಿನ್' ಕೂಡ ಇದೇ ಜಾತಿಗೆ ಸೇರಿದ್ದು. ಹೈದರಾಬಾದಿನ ಐ.ಐ.ಟಿ.ಯೂ ಇಸ್ರೋದ ದೂರಸಂವೇದನ ಕೇಂದ್ರವೂ ಇದರಲ್ಲಿ ಕೈಗೂಡಿಸಿವೆ. ಭಾರತವನ್ನು ಒಳಗೊಂಡ ದೊಡ್ಡ ಚೌಕವೊಂದನ್ನು ಹದಿನಾರಾಗಿ ಹಂಚಿ, ಅದರಲ್ಲೊಂದನ್ನು ಮತ್ತೆ ಹದಿನಾರಾಗಿ ಹಂಚಿ, ಹೀಗೆ ಹತ್ತು ಸಲ ಮಾಡಿದರೆ ಸುಮಾರು ನಾಲ್ಕು ಮೀಟರಿನ ಚೌಕ ಸಿಗುತ್ತದೆ. ಸಲಕ್ಕೊಂದು ಚಿಹ್ನೆ, ಒಟ್ಟು ಹತ್ತು. ಮೊದಲ ಚಿಹ್ನೆಗಳು ಒಂದೇ ಆಗಿದ್ದರೆ ಎರಡು ಜಾಗಗಳು ನೆರೆಹೊರೆಯವು ಎಂದು ನೋಡಿದೊಡನೆ ತಿಳಿಯುತ್ತದೆ. ಹಳೆಯ ಆರಂಕಿಯ ಪಿನ್ ಸಂಖ್ಯೆಯೂ ಉಳಿದೇ ಇದೆ. ಅದು 1972ರ ಆಗಸ್ಟ್ 15ರಂದು ಜಾರಿಗೆ ಬಂದಿತು. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರರು ಅಧಿಕಾರಿ ಮಾತ್ರವಲ್ಲ, ಸಂಸ್ಕೃತದಲ್ಲಿ ಕಾವ್ಯ ರಚಿಸಿದ ಕವಿಗಳೂ ಹೌದು. ಛಂದಸ್ಸಿನ ಗಣ ಹಾಕಿದವರಿಗೆ ನಾಡನ್ನು ಅಂಕಿಗಳ ಗಣಗಳಾಗಿ ವಿಂಗಡಿಸುವುದು ಕಷ್ಟವಾಗಿರಲಿಕ್ಕಿಲ್ಲ.

ಹತ್ತು ಚಿಹ್ನೆಗಳು ನಾಲಿಗೆಗೆ ಒಗ್ಗುವುದಿಲ್ಲ, ನಿಜ. ಮೂರು ಪದಗಳ ಸೊಗಸು ಅದಕ್ಕಿಲ್ಲ. ಮಹಡಿಯ ಮೇಲೆ ಮಹಡಿ ಕಟ್ಟಿದ ಮನೆಗಳಲ್ಲಿ ಯಾವ ಅಂತಸ್ತು ಎಂಬುದನ್ನು ಇವೆರಡೂ ಹೇಳುವುದಿಲ್ಲ.

ಮೊನ್ನೆ ನೆರೆಮನೆಯ ಹಿರಿಯರು ನನ್ನನ್ನು ಕರೆದು, ಮನೆಬಾಗಿಲಲ್ಲಿ ನಿಂತು ಡಿಜಿಪಿನ್ ತೆಗೆದುಕೊಡಲು ಹೇಳಿದರು. ತೆಗೆದುಕೊಟ್ಟೆ. ದಪ್ಪ ಅಕ್ಷರಗಳಲ್ಲಿ ಅದನ್ನು ರಟ್ಟಿನ ಮೇಲೆ ಬರೆದು ಫೋನಿನ ಪಕ್ಕದ ಗೋಡೆಗೆ ಅಂಟಿಸಿದ್ದಾರೆ. ಅದರ ಕೆಳಗೆ ತಾವೇ ಒಂದು ಸಾಲು ಸೇರಿಸಿದ್ದಾರೆ: 'ಹಳೆಯ 5ನೆಯ ಅಡ್ಡರಸ್ತೆ, ನೀರಿನ ಟ್ಯಾಂಕಿನ ಎದುರು, ಹಸಿರು ಗೇಟು.'