ಹಳೆಯ ಗಾಡಿಗೆ ಮನೆಯಲ್ಲೇ ಹೊಸ ಬಣ್ಣ



ನಮ್ಮ ಸಮಾಮಿಶ್‌ನ ಬೀದಿಗಳಲ್ಲಿ ಸಂಜೆ ಒಂದು ಸುತ್ತು ನಡೆದು ಬಂದರೆ, ಹೊಳೆಯುವ ಹೊಸ ಕಾರುಗಳ ಸಾಲಿನ ನಡುವೆ ಎಲ್ಲೋ ಒಂದು ಕಡೆ ಬಣ್ಣ ಸುಲಿದ ಹಳೆಯ ಜೀಪೋ ಫೋರ್‌ರನ್ನರೋ ನಿಂತಿರುತ್ತದೆ. ಬೇಸಿಗೆ ಕೆಲಸದ ದುಡ್ಡು ಕೂಡಿಸಿ ನಿಮ್ಮಂಥವರೇ ಯಾರೋ ಕೊಂಡದ್ದು. ನಮ್ಮ ಮನೆ ಮುಂದೆಯೂ ಒಂದಿದೆ, ಮಗ ತಂದ 1997ರ ಟೊಯೋಟಾ ಫೋರ್‌ರನ್ನರ್. ಪೇಂಟಿಂಗ್‌ಗೆ ಅಂಗಡಿಯವರು ಹೇಳಿದ ದರ ಗಾಡಿ ಕೊಂಡ ಬೆಲೆಯನ್ನೂ ಮೀರಿತ್ತು. ಹಾಗಾಗಿ ಕಳೆದ ಆಗಸ್ಟ್‌ನಲ್ಲಿ ತಾಯಿ ಮಗ ಸೇರಿ ನಾವೇ ಬಳಿದೆವು. 300 ಡಾಲರ್ ಒಳಗೆ ಮುಗಿಯಿತು. 10 ಅಡಿ ದೂರದಿಂದ ನೋಡಿದರೆ ಚೆನ್ನಾಗಿದೆ, ಹತ್ತಿರ ಹೋದರೆ ನಮ್ಮ ಕೈಗುಣ ಗೊತ್ತಾಗುತ್ತದೆ. ಇವಾನ್ಸ್ ಕ್ರೀಕ್‌ನ ಕೆಸರಿಗೆ ಇಳಿಯುವ ಗಾಡಿಗೆ ಅಷ್ಟು ಸಾಕು.

ಬಣ್ಣದ ಡಬ್ಬಿ ತರುವ ಮೊದಲು ಒಂದು ಟಾರ್ಚ್ ಹಿಡಿದು ಗಾಡಿಯ ಕೆಳಗೆ ಮಲಗಿ. ಕನ್ನಡದಲ್ಲಿ ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರ ಹಿತ್ತಾಳೆಗೆ ಹಿಡಿಯುವುದು ಕಿಲುಬು. ಕಿಲುಬನ್ನು ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೋಗುತ್ತದೆ. ತುಕ್ಕು ಹಾಗಲ್ಲ, ಒಳಗೊಳಗೇ ತಿನ್ನುತ್ತದೆ. ಚಾಸಿಯನ್ನು ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ. ಟಣ್ ಎಂದರೆ ಸರಿ. ಮಂಕಾದ ಸದ್ದು ಬಂದರೆ, ಪದರ ಪದರವಾಗಿ ಉದುರಿದರೆ, ಅಥವಾ ಸ್ಕ್ರೂಡ್ರೈವರ್ ಒಳಹೊಕ್ಕರೆ ಅಲ್ಲಿಗೆ ನಿಲ್ಲಿಸಿ, ಮೆಕ್ಯಾನಿಕ್‌ಗೆ ತೋರಿಸಿ. ಅಂಥ ಕಡೆ ಬಣ್ಣ ಬಳಿಯುವುದು ಮುರಿದ ಮೂಳೆಯ ಮೇಲೆ ಅರಿಶಿನ ಹಚ್ಚಿದಂತೆ.

ಮುಂದಿನದು ತೊಳೆಯುವ ಕೆಲಸ. ಡ್ರೈವ್‌ವೇಯಲ್ಲಿ ತೊಳೆದ ನೀರು ರಸ್ತೆಬದಿಯ ಜಾಲರಿಗೆ ಇಳಿದರೆ ಅದು ಶುದ್ಧೀಕರಣ ಘಟಕಕ್ಕೆ ಹೋಗುವುದಿಲ್ಲ, ತೊರೆಗಳ ಮೂಲಕ ಕೆರೆ ಸೇರುತ್ತದೆ. ನಮ್ಮೂರಿನ ಈಬ್ರೈಟ್ ಕ್ರೀಕ್‌ಗೆ ಕೊಕನಿ ಮೀನುಗಳು ಸಮಾಮಿಶ್ ಸರೋವರದಿಂದ ಮೊಟ್ಟೆ ಇಡಲು ಬರುತ್ತವೆ. ಆದ್ದರಿಂದ ತೊಳೆಯುವುದನ್ನು ಕಾರ್ ವಾಷ್‌ನಲ್ಲೇ ಮುಗಿಸಿ. ಮನೆಯಲ್ಲಿ ಉಜ್ಜುವಾಗ ಕೆಳಗೆ ಟಾರ್ಪಾಲ್ ಹಾಸಿ, ಬಿದ್ದ ಪುಡಿಯನ್ನು ಅದರಲ್ಲೇ ಒಟ್ಟುಮಾಡಿ.

ಉಜ್ಜುವ ಮೊದಲು ವ್ಯಾಕ್ಸ್ ಮತ್ತು ಗ್ರೀಸ್ ತೆಗೆಯುವ ದ್ರಾವಣದಲ್ಲಿ ಇಡೀ ಗಾಡಿಯನ್ನು ಒರೆಸಬೇಕು. ನಾವು ಮೊದಲ ಬಾಗಿಲಿಗೆ ಇದನ್ನು ಬಿಟ್ಟೆವು. ಬಣ್ಣ ಬಳಿದ ಹತ್ತೇ ನಿಮಿಷಕ್ಕೆ ಎಣ್ಣೆಯ ಮೇಲೆ ನೀರು ಬಿದ್ದ ಹಾಗೆ ಪುಟ್ಟ ಪುಟ್ಟ ಕುಳಿ. ಪೇಂಟರ್‌ಗಳು ಇದಕ್ಕೆ ಫಿಶ್ ಐ ಎನ್ನುತ್ತಾರಂತೆ. ಅಷ್ಟನ್ನೂ ಕೆರೆದು ಮತ್ತೆ ಮೊದಲಿನಿಂದ ಶುರು. ಅಂಗಳ ಸಾರಿಸದೆ ರಂಗೋಲಿ ಹಾಕಬಾರದು ಎಂದು ಊರಲ್ಲಿ ನಮ್ಮಮ್ಮ ಗದರುತ್ತಿದ್ದರು, ನೆನಪಾಯಿತು.

ಉಪ್ಪು ಕಾಗದ, ನೀವು ಸ್ಯಾಂಡ್‌ಪೇಪರ್ ಎನ್ನುವುದು, ತುಕ್ಕಿಗೆ 80ನೇ ನಂಬರ್. ಲೋಹ ಬೆಳ್ಳಗೆ ಕಾಣುವವರೆಗೆ ಉಜ್ಜಿ. ಸುತ್ತಲಿನ ಅಂಚುಗಳನ್ನು 180, ಆಮೇಲೆ 320ರಲ್ಲಿ ನಯಮಾಡಿ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಮೆಟ್ಟಿಲು ಸಿಗಬಾರದು. ಟಾಪ್ ಮೇಲೆ, ಬಾನೆಟ್ ಮೇಲೆ ಬಿಸಿಲಿಗೆ ಸುಲಿದ ಕ್ಲಿಯರ್ ಕೋಟ್ ಪೂರ್ತಿ ಹೋಗಲೇಬೇಕು, ಸಡಿಲ ಅಂಚು ಉಳಿದರೆ ಹೊಸ ಬಣ್ಣವೂ ಅದರ ಜೊತೆ ಎದ್ದು ಬರುತ್ತದೆ. ಬರಿ ಲೋಹವನ್ನು ರಾತ್ರಿಯಿಡೀ ಹಾಗೇ ಬಿಡಬೇಡಿ. ನಮ್ಮ ತೇವದ ಗಾಳಿಗೆ ಬೆಳಗಾಗುವಷ್ಟರಲ್ಲಿ ಮತ್ತೆ ಕೆಂಪಗಾಗಿರುತ್ತದೆ. ಅದೇ ದಿನ ಪ್ರೈಮರ್ ಹಚ್ಚಿ. ಬಾಗಿಲುಗಳ ಅಡಿಯಲ್ಲಿ ನೀರು ಬಸಿಯುವ ಸಣ್ಣ ತೂತುಗಳಿರುತ್ತವೆ, ಅವು ಮುಚ್ಚಿಹೋಗದಂತೆ ನೋಡಿ.

ಈಗ ಯಾವ ಬಣ್ಣ? ಇಲ್ಲಿ ದಯವಿಟ್ಟು ನನ್ನ ಮಾತು ಕೇಳಿ. ಎರಡು ಭಾಗ ಬೆರೆಸುವ ಕಾರಿನ ಬಣ್ಣಗಳ ಹಾರ್ಡನರ್‌ನಲ್ಲಿ ಸಾಮಾನ್ಯವಾಗಿ ಐಸೋಸಯನೇಟ್ ಇರುತ್ತದೆ. ಒಮ್ಮೆ ಅದು ದೇಹಕ್ಕೆ ಒಗ್ಗದೆ ಹೋದರೆ, ಆಮೇಲೆ ತುಸು ಸೋಕಿದರೂ ಆಸ್ತಮಾ ಕಾಣಿಸಿಕೊಳ್ಳಬಹುದು. ಅದಕ್ಕೆ ಹೊರಗಿನಿಂದ ಗಾಳಿ ಪೂರೈಸುವ ಮುಖವಾಡ ಬೇಕು, ಮನೆ ಗ್ಯಾರೇಜಿನ ಕೆಲಸವಲ್ಲ. ಬೇಗ ಗಟ್ಟಿಯಾಗಲಿ ಎಂದು ಮಾಮೂಲಿ ಎನಾಮಲ್‌ಗೂ ಹಾರ್ಡನರ್ ಸೇರಿಸುವವರಿದ್ದಾರೆ. ಬೇಡ. ಬರೀ ಆಯಿಲ್ ಎನಾಮಲ್ ತಂದು ರೋಲರ್‌ನಲ್ಲಿ ಬಳಿಯಿರಿ. ಅದಕ್ಕೂ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು, ಉಜ್ಜುವಾಗ ಪಿ100 ಫಿಲ್ಟರ್. ಕೋವಿಡ್ ಕಾಲದ ಬಟ್ಟೆ ಮಾಸ್ಕ್ ಸಾಲದು. ಮೆಟಾಲಿಕ್ ಬಣ್ಣ ರೋಲರ್‌ಗೆ ಆಗಿಬರದು, ಮಿನುಗು ಪಟ್ಟೆಪಟ್ಟೆಯಾಗುತ್ತದೆ.

ಮಿನರಲ್ ಸ್ಪಿರಿಟ್ ಬೆರೆಸಿ ಬಣ್ಣವನ್ನು ನೀರುದೋಸೆ ಹಿಟ್ಟಿನ ಹದಕ್ಕೆ ತನ್ನಿ. 4 ಇಂಚಿನ ಫೋಮ್ ರೋಲರ್‌ನಿಂದ ತೆಳುವಾಗಿ ಬಳಿದು, ಕೊನೆಗೆ ಭಾರ ಹಾಕದೆ ಒಮ್ಮೆ ಎಳೆದರೆ ಗುಳ್ಳೆ ಒಡೆಯುತ್ತದೆ. ಮೊದಲ ಕೋಟ್ ನೋಡಿದರೆ ಅಳು ಬರುತ್ತದೆ, ಹಳೇ ಬಣ್ಣ ಇಣುಕುತ್ತಿರುತ್ತದೆ. ದಪ್ಪ ಹಚ್ಚಲು ಹೋಗಬೇಡಿ, ಸೋರಿ ಗೆರೆ ಬೀಳುತ್ತದೆ. ಐದಾರು ತೆಳು ಕೋಟ್ ಬೇಕು. ಎರಡು ಕೋಟ್‌ಗೊಮ್ಮೆ, ಚೆನ್ನಾಗಿ ಒಣಗಿದ ಮೇಲೆ, 600ರ ಕಾಗದವನ್ನು ನೀರಲ್ಲಿ ಅದ್ದಿ ಹಗುರವಾಗಿ ಉಜ್ಜಬೇಕು. ಎಷ್ಟು ಹೊತ್ತು ಕಾಯಬೇಕೆಂಬುದು ಡಬ್ಬಿಯ ಮೇಲಿರುತ್ತದೆ.

ಹವಾಮಾನ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಮೇಲಿರಬೇಕು, ಇಬ್ಬನಿ ಆರಿರಬೇಕು. ನಮ್ಮಲ್ಲಿ ಜುಲೈ, ಆಗಸ್ಟ್ ಸರಿಯಾದ ಕಾಲ. ಆಯುಧಪೂಜೆಗೆ ಹೊಸ ಬಣ್ಣ ಎಂದುಕೊಂಡರೆ ಸೆಪ್ಟೆಂಬರ್ ನಡುವಿನೊಳಗೆ ಮುಗಿಸಿ, ಆಮೇಲೆ ಮಳೆ ಕಾಯುವುದಿಲ್ಲ.

ಗ್ಯಾರೇಜಿನ ಮೂಲೆಯಲ್ಲಿ ಗ್ಯಾಸ್ ವಾಟರ್ ಹೀಟರ್ ಇದ್ದರೆ ಅಲ್ಲಿ ಬಳಿಯಬೇಡಿ, ಸ್ಪಿರಿಟ್ ಆವಿಗೆ ಒಂದು ಕಿಡಿ ಸಾಕು. ನಾವು ಹೊರಗೆ ನೆರಳಿನಲ್ಲಿ ಬಳಿದೆವು, ಬಣ್ಣದಲ್ಲಿ ಮೂರು ಸೊಳ್ಳೆ ಈಗಲೂ ಇವೆ. ಎಣ್ಣೆಬಣ್ಣದ ಬಟ್ಟೆಗಳನ್ನು ಮುದ್ದೆಮಾಡಿ ಕಸದ ಬುಟ್ಟಿಗೆ ಹಾಕಬಾರದು. ಒಣಗುವಾಗ ಒಳಗೇ ಕಾವೇರಿ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಒಂದೊಂದಾಗಿ ಹರವಿ ಒಣಗಿಸಿ.

ನನ್ನ ಮಗ ಆರಿಸಿದ್ದು ಆಲಿವ್ ಗ್ರೀನ್. ಸಕಲೇಶಪುರದ ನಮ್ಮ ಸೋದರಮಾವನಿಗೆ ಫೋಟೋ ಕಳಿಸಿದರೆ ಅವರು ನಕ್ಕು, “ಇದನ್ನ ಇಲ್ಲಿಗೆ ತರಬೇಡಪ್ಪ, ಪೊಲೀಸರು ಹಿಡೀತಾರೆ” ಅಂದರು. ನಿಜವೇ. ಭಾರತದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121ನೆಯದರ ಪ್ರಕಾರ ಆ ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ.

ಕೊನೆಗೆ ಅರ್ಧ ಡಬ್ಬಿ ಉಳಿಯಿತು. ಒಂದು ಉಪ್ಪಿನಕಾಯಿ ಬಾಟಲಿಯಷ್ಟನ್ನು ಬಿಗಿಯಾಗಿ ಮುಚ್ಚಿ, ಹೆಸರು ಬರೆದು ಇಟ್ಟಿದ್ದೇವೆ, ಕೊಂಬೆ ಗೀಚಿದ ಕಡೆ ಬ್ರಷ್‌ನಲ್ಲಿ ತಿದ್ದಲು. ಮಿಕ್ಕಿದ್ದನ್ನೂ ಕೊಳೆ ಸ್ಪಿರಿಟ್ಟನ್ನೂ ಫ್ಯಾಕ್ಟೋರಿಯಾದ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೆ ಕೊಟ್ಟು ಬಂದೆವು, ಅದೇ ಗಾಡಿಯಲ್ಲಿ.